ಬಟ್ಟೆ ಹೊದ್ದ ದೋಣಿ, ಬದಿಗೊಂದು ದಿಮ್ಮಿ

ಮರವಿಲ್ಲದ ನಾಡಿನವರು ಚರ್ಮದ ದೋಣಿ ಕಟ್ಟಿದರು, ಮರವಿದ್ದವರು ಕಾಂಡ ಕೊರೆದರು. ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಜನ ಕಡಲಲ್ಲಿ ತೇಲಿಬಂದ ಮರದಿಂದ ಹಂದರ ಕಟ್ಟಿ, ಸೀಲ್ ಚರ್ಮ ಹೊದಿಸಿ ಕಯಾಕ್ ಮಾಡಿಕೊಂಡರು. ಹವಾಯಿ ದ್ವೀಪದವರು ಕೋವಾ ಮರದ ಕಾಂಡವನ್ನೇ ಕೊರೆದು, ಒಂದು ಬದಿಗೆ ಹಗುರ ಮರದ ದಿಮ್ಮಿಯೊಂದನ್ನು ಎರಡು ಅಡ್ಡತೊಲೆಗಳಿಂದ ಬಿಗಿದರು. ದಿಮ್ಮಿಗೆ ಬಳಸುತ್ತಿದ್ದ ವಿಲಿವಿಲಿ ನಮ್ಮ ಕಾಫಿ ತೋಟಗಳ ಹಾಲುವಾಣದ ಕುಲಕ್ಕೇ ಸೇರಿದ್ದು. ಭೂಮಿಯ ಎರಡು ಮೂಲೆಗಳ ಈ ವಿದ್ಯೆಗಳನ್ನು ಹವ್ಯಾಸಿಗಳು ಈಗ ಒಂದೇ ದೋಣಿಯಲ್ಲಿ ಕೂಡಿಸುತ್ತಿದ್ದಾರೆ: ತೆಳು ಮರಪಟ್ಟಿಗಳ ಹಂದರ, ಮೇಲೆ ಚರ್ಮದ ಬದಲು ಬಟ್ಟೆ, ಬದಿಗೊಂದು ದಿಮ್ಮಿ. ಒಬ್ಬನೇ ಹೆಗಲಿಗೇರಿಸಿಕೊಂಡು ನೀರಿಗಿಳಿಸಬಹುದಾದ ದೋಣಿ ಬೇಕೆಂಬುದು ಅವರ ಆಸೆ.

ಬದಿಯ ದಿಮ್ಮಿ ಯಾಕೆ? ದೋಣಿ ಅಗಲವಾದಷ್ಟೂ ಸ್ಥಿರ, ಕಿರಿದಾದಷ್ಟೂ ಚುರುಕು. ತುಂಗಭದ್ರೆಯ ಹರಿಗೋಲು ಸ್ಥಿರತೆಯ ಕಡೆಗೇ ಪೂರ್ತಿ ವಾಲಿದ್ದು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಚರ್ಮ ಹೊದಿಸಿದ ಇಂಥ ಬುಟ್ಟಿ ದೋಣಿಗಳಲ್ಲಿ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದರೆಂದು ಬರೆದಿದ್ದಾನೆ. ಅಷ್ಟು ಭಾರ ಹೊರುತ್ತದೆ, ಆದರೆ ನೇರ ಹೋಗೆಂದರೆ ಗಿರಕಿ ಹೊಡೆಯುತ್ತದೆ.

ವಾಲದೆ ನಿಲ್ಲುವ ಗುಣ ನೀರಿನ ಮಟ್ಟದಲ್ಲಿರುವ ಅಗಲದ ಘನವನ್ನು ಅವಲಂಬಿಸಿದೆ. ಉದ್ದ ಅಷ್ಟೇ ಇರಲಿ, 80 ಸೆಂ.ಮೀ. ಅಗಲವನ್ನು 40ಕ್ಕೆ ಇಳಿಸಿದರೆ ಆ ಗುಣ ಎಂಟರಲ್ಲೊಂದು ಪಾಲಿಗೆ ಬೀಳುತ್ತದೆ. ದಿಮ್ಮಿಯ ಕೊಡುಗೆ ಬೆಳೆಯುವುದು ದೂರದ ವರ್ಗದಂತೆ. 5 ಮೀಟರ್ ಉದ್ದ, 40 ಸೆಂ.ಮೀ. ಅಗಲದ ದೋಣಿಯಿಂದ ಒಂದು ಮೀಟರ್ ಆಚೆಗೆ, 3 ಮೀಟರ್ ಉದ್ದದ ಸಣಕಲು ದಿಮ್ಮಿ ಕಟ್ಟಿ ಲೆಕ್ಕ ಹಾಕಿದರೆ ಸ್ಥಿರತೆ ಹತ್ತು ಪಟ್ಟಿಗೂ ಮಿಕ್ಕಿ ಹೆಚ್ಚುತ್ತದೆ.

ಆದರೆ ಈ ಲೆಕ್ಕ ದಿಮ್ಮಿ ನೀರಲ್ಲಿರುವವರೆಗೆ ಮಾತ್ರ. ದಿಮ್ಮಿಯ ಕಡೆ ವಾಲಿದರೆ ಅದರ ತೇಲುವ ಬಲ ಮೇಲಕ್ಕೆ ತಳ್ಳುತ್ತದೆ. ಇನ್ನೊಂದು ಕಡೆ ವಾಲಿ ದಿಮ್ಮಿ ನೀರುಬಿಟ್ಟು ಎದ್ದಿತೋ, ಆಸರೆಯಾಗಿ ಉಳಿಯುವುದು ಅದರ ಮತ್ತು ತೊಲೆಗಳ ತೂಕವಷ್ಟೇ. ಪೆಸಿಫಿಕ್‌ನ ಮೈಕ್ರೊನೇಷಿಯಾದವರು ಹಾಯಿದೋಣಿಯಲ್ಲಿ ದಿಮ್ಮಿಯನ್ನು ಸದಾ ಗಾಳಿ ಬರುವ ದಿಕ್ಕಿಗೇ ಇಟ್ಟು ಈ ತೂಕವನ್ನು ದುಡಿಸಿಕೊಂಡರು. ಅದಕ್ಕಾಗಿ ದಿಕ್ಕು ಬದಲಿಸುವಾಗ ದೋಣಿ ತಿರುಗಿಸದೆ, ಹಾಯಿಯನ್ನೇ ಒಂದು ತುದಿಯಿಂದ ಇನ್ನೊಂದಕ್ಕೆ ಒಯ್ಯುತ್ತಾರೆ, ಮುಂದು ಹಿಂದಾಗುತ್ತದೆ. ದಿಮ್ಮಿಯ ತೂಕಕ್ಕೆ ಇಷ್ಟು ಕೆಲಸವಿರುವಾಗ ಅದನ್ನೂ ಬಟ್ಟೆ ಹೊದಿಸಿ ಎರಡು ಮೂರು ಕಿಲೋಗೆ ಇಳಿಸುವ ಉತ್ಸಾಹ ನನಗಂತೂ ಸಲ್ಲದ ಜಾಗದಲ್ಲಿ ತೋರುವ ಜಿಪುಣತನವೆನಿಸುತ್ತದೆ.

ಇನ್ನೊಂದು ತೊಡಕು ತಿರುಚು. ಅಲೆ ದಿಮ್ಮಿಯನ್ನು ಎತ್ತಿ ಇಳಿಸುತ್ತಿದ್ದಂತೆ ಮುಂದಿನ ತೊಲೆ ಒಂದು ಕಡೆಗೆ, ಹಿಂದಿನದು ಮತ್ತೊಂದು ಕಡೆಗೆ ದೋಣಿಯನ್ನು ಹಿಂಡುತ್ತವೆ. ಕೊರೆದ ಕಾಂಡ ಇದನ್ನು ತಡೆದುಕೊಳ್ಳುತ್ತದೆ. ತೆಳು ಪಟ್ಟಿಗಳ ಹಂದರ, ಮೇಲೆ ತೆರೆದಿದ್ದರೆ, ಹೊರಕವಚ ಕಳಚಿದ ಬೆಂಕಿಪೊಟ್ಟಣದಂತೆ ಸುಲಭವಾಗಿ ತಿರುಚಿಕೊಳ್ಳುತ್ತದೆ. ಅದಕ್ಕೇ ಮುಂದೆ ಹಿಂದೆ ಮೇಲ್ಭಾಗವನ್ನೂ ಮುಚ್ಚಿ, ಕೂರಲು ಬೇಕಾದಷ್ಟೇ ತೆರೆದಿಡುವುದು ಮೇಲು. ತೊಲೆಗಳು ಎರಡೂ ಅಂಚಿನ ಪಟ್ಟಿಗಳ ಮೇಲೆ ಕೂರಬೇಕು. ಬಟ್ಟೆ ಎಳೆತ ತಾಳೀತು, ಒತ್ತಡ ತಾಳದು. ಕೀಲುಗಳನ್ನು ಮೊಳೆ ಹೊಡೆಯದೆ ದಾರದಿಂದ ಬಿಗಿಯುವುದಕ್ಕೂ ಕಾರಣವಿದೆ: ತೆಳು ಪಟ್ಟಿಗೆ ತೂತು ಬಿದ್ದಲ್ಲೇ ಸೀಳು ಶುರುವಾಗುತ್ತದೆ, ಕಟ್ಟು ಮಾತ್ರ ಕೊಂಚ ಸರಿದು ಭಾರವನ್ನು ಹಂಚುತ್ತದೆ.

ಹೊದಿಕೆಗೆ ಈಗ ನೈಲಾನ್ ಅಥವಾ ಪಾಲಿಯೆಸ್ಟರ್. ನೈಲಾನ್ ಗಟ್ಟಿ, ಆದರೆ ನೀರು ಕುಡಿದು ಸಡಿಲವಾಗುತ್ತದೆ. ಪಾಲಿಯೆಸ್ಟರಿಗೆ ಆ ಚಾಳಿ ಕಡಿಮೆ. ಹೊಲಿದ ಮೇಲೆ ಇಸ್ತ್ರಿಪೆಟ್ಟಿಗೆ ಆಡಿಸಿದರೆ ಸುಕ್ಕು ಕರಗಿ, ಬಟ್ಟೆ ಕುಗ್ಗಿ, ಬೆರಳಿಂದ ತಟ್ಟಿದರೆ ಸದ್ದು ಬರುವಷ್ಟು ಬಿಗಿಯುತ್ತದೆ. ಆಮೇಲೆ ಪಾಲಿಯುರೆಥೇನ್ ಬಳಿದು ನೀರಿಳಿಯದಂತೆ ಮಾಡುತ್ತಾರೆ. ಇಂಥ ದೋಣಿ ಹರಿದುಹೋಗದೇ ಎಂದು ಕೇಳುವವರಿದ್ದಾರೆ. ಸಾಹಸಯಾತ್ರಿ ಟಿಮ್ ಸೆವೆರಿನ್ 1976-77ರಲ್ಲಿ ಎತ್ತಿನ ಚರ್ಮದ ದೋಣಿಯಲ್ಲಿ ಅಟ್ಲಾಂಟಿಕ್ ದಾಟಿದಾಗ ಮಂಜುಗಡ್ಡೆ ತಾಗಿ ಹೊದಿಕೆ ತೂತಾಯಿತು. ನಡುಗಡಲಲ್ಲೇ ತೇಪೆ ಹೊಲಿದು ಮುಂದೆ ಸಾಗಿದರು.

ಹೆಚ್ಚು ಭಯಪಡಬೇಕಾದ್ದು ನೀರು ತುಂಬುವುದಕ್ಕೆ. ತೆಳು ಹಂದರಕ್ಕೆ ತಾನಾಗಿ ತೇಲುವ ಬಲ ಅಷ್ಟಕ್ಕಷ್ಟೆ. ನೀರು ನುಗ್ಗಿದರೆ ಅಂಚಿನವರೆಗೂ ಮುಳುಗಿ ಕೂತುಬಿಡುತ್ತದೆ. ಮೊದಲ ಸಲ ನೀರಿಗಿಳಿಸುವ ಮುನ್ನವೇ ಎರಡೂ ತುದಿಗಳಿಗೆ ಗಾಳಿ ತುಂಬಿದ ಚೀಲ ತುರುಕಿ ಬಿಗಿಯಬೇಕು. ಸಡಿಲ ಬಿಟ್ಟರೆ ದೋಣಿ ಮಗುಚಿದ ಕೂಡಲೇ ಮೊದಲು ತೇಲಿ ಹೋಗುವುದು ಅವೇ.