ಮುಗ್ಗಟ್ಟಿನ ದಿನಗಳಲ್ಲಿ ಸಣ್ಣ ವ್ಯಾಪಾರಿಯ ಪ್ರಚಾರ

ಪೇಟೆಯ ವಹಿವಾಟು ಕುಗ್ಗಿದಾಗ ಸಣ್ಣ ವ್ಯಾಪಾರಿಯು ಮೊತ್ತಮೊದಲು ಕಡಿತಗೊಳಿಸುವುದು ಪ್ರಚಾರದ ವೆಚ್ಚವನ್ನು. ಬಾಡಿಗೆ, ಕೆಲಸಗಾರರ ಸಂಬಳ, ವಿದ್ಯುತ್ತಿನ ಬಿಲ್ಲು ಇವು ಕಾಯುವುದಿಲ್ಲ. ಪ್ರಚಾರವಾದರೋ ಕಾಯಬಹುದು ಎಂಬುದು ಅವನ ಎಣಿಕೆ. ಆದರೆ ಗಿರಾಕಿಯು ಒಮ್ಮೆ ಅಂಗಡಿಯನ್ನು ಮರೆತನೆಂದರೆ, ಒಳ್ಳೆಯ ದಿನಗಳು ಬಂದರೂ ಅವನು ಮರಳಿ ಬರುವನೆಂಬ ಭರವಸೆಯಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಮುಚ್ಚಿದ ಎಷ್ಟೋ ಖಾನಾವಳಿಗಳು ಮತ್ತೆ ಬಾಗಿಲು ತೆರೆಯಲೇ ಇಲ್ಲ. ಹೊರನಾಡಿನಲ್ಲಿ ಹೋಟೆಲು, ಹಪ್ಪಳ-ಸಂಡಿಗೆ, ಹೊಲಿಗೆ ಮೊದಲಾದ ಕಸುಬುಗಳನ್ನು ನಂಬಿರುವ ನಮ್ಮವರಿಗೆ ಇದು ಊರಿನಿಂದ ಬಂದ ಹುಡುಗರ ಅನ್ನದ ಪ್ರಶ್ನೆಯೂ ಹೌದು.

ಪ್ರಚಾರಕ್ಕೆ ಹಣಕ್ಕಿಂತಲೂ ಹೆಚ್ಚಾಗಿ ಬೇಕಾದುದು ಗಿರಾಕಿಯ ನಂಬಿಕೆ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಇದಕ್ಕೆ ಉತ್ತಮ ನಿದರ್ಶನ. ಯಜ್ಞನಾರಾಯಣ ಮಯ್ಯರು ಸೋದರರೊಡನೆ 1924ರಲ್ಲಿ ಆರಂಭಿಸಿದ ಸಂಸ್ಥೆಯಿದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ರವೆಯಿಂದಲೇ ಇಡ್ಲಿ ಮಾಡಿದೆವೆಂದು ಸಂಸ್ಥೆ ಹೇಳಿಕೊಳ್ಳುತ್ತದೆ. 1951ರಲ್ಲಿ ವಿದೇಶ ಪ್ರವಾಸ ಮಾಡಿ ಬಂದ ಮಯ್ಯರು ಶುಚಿತ್ವದ ಹೊಸ ಕ್ರಮಗಳನ್ನು ತಂದು, ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಾಣುವಂತೆ ಮಾಡಿದರು. 1975ರ ತುರ್ತುಪರಿಸ್ಥಿತಿಯಲ್ಲಿ ಸರಕಾರವು ತಿಂಡಿಗಳ ದರವನ್ನು ಇಳಿಸಿದಾಗ, ಸಂಸ್ಥೆಯು ಗುಣಮಟ್ಟವನ್ನು ಇಳಿಸದೆ ಮಾರಿ, ತನಗಾಗುತ್ತಿದ್ದ ನಷ್ಟವನ್ನು ಹಲಗೆಯ ಮೇಲೆ ಬರೆದು ಹೊರಗಿಟ್ಟಿತು. ಹೋಟೆಲನ್ನು ಆಗ ಮುಚ್ಚಬೇಕಾಗಿ ಬಂದರೂ, ಸಿದ್ಧ ಪುಡಿ-ಹಿಟ್ಟುಗಳ ವ್ಯಾಪಾರಕ್ಕೆ ಆ ಹೆಸರೇ ಬಂಡವಾಳವಾಯಿತು. ತೆರೆದ ಅಡುಗೆಮನೆಗೂ ಒಂದು ಹಲಗೆಗೂ ತಗಲುವ ವೆಚ್ಚವೆಷ್ಟು?

ಇದೇ ದಾರಿಯಲ್ಲಿ ನಾವೂ ಮಾಡಬಹುದಾದ ಕೆಲವು ಕಾರ್ಯಗಳನ್ನು ನೋಡೋಣ.

ಹೊಸಬರನ್ನು ಹುಡುಕುವ ಮೊದಲು ಹಳಬರನ್ನು ಉಳಿಸಿಕೊಳ್ಳಬೇಕು. ಇನ್ನೂರು ಪುಟದ ಒಂದು ನೋಟುಪುಸ್ತಕದಲ್ಲಿ ಗಿರಾಕಿಯ ಹೆಸರು, ಅವರ ಒಪ್ಪಿಗೆ ಪಡೆದು ದೂರವಾಣಿ ಸಂಖ್ಯೆ, ಅವರು ಮೆಚ್ಚಿದ ಪದಾರ್ಥ, ಕೊನೆಯ ಸಲ ಬಂದ ದಿನ ಇವಿಷ್ಟನ್ನು ಬರೆದಿಡಿರಿ. ತಿಂಗಳಿನಿಂದ ಕಾಣದವರಿಗೆ ಕುಶಲ ವಿಚಾರಿಸಿ ಒಂದು ಕರೆ ಮಾಡಿರಿ. ಬಾರದಿರಲು ಕಾರಣ ತಿಳಿದರೆ ಅದೇ ಲಾಭ.

2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್‌ನಲ್ಲಿ ಪದಾರ್ಥಗಳ ಚಿತ್ರ ಮತ್ತು ಬೆಲೆಗಳನ್ನು ಖರ್ಚಿಲ್ಲದೆ ಇಡಬಹುದು. ಅದರ ಪ್ರಸಾರಪಟ್ಟಿಯ ಸಂದೇಶವು ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲಪುತ್ತದೆ. ಆದ್ದರಿಂದ ಬಿಲ್ಲು ಕೊಡುವಾಗಲೇ ಆ ಕೋರಿಕೆಯನ್ನು ಮುಂದಿಡಿರಿ. ಗೂಗಲ್ ನಕ್ಷೆಯಲ್ಲಿ ಅಂಗಡಿಯ ವಿಳಾಸ, ವೇಳೆ, ರಜಾದಿನಗಳನ್ನು ನಮೂದಿಸಲೂ ಶುಲ್ಕವಿಲ್ಲ.

ಕರಪತ್ರ ಹಂಚುವವರು ಫಲವನ್ನೂ ಎಣಿಸಬೇಕು. ಮುದ್ರಣ-ಹಂಚಿಕೆಗೆ 800 ರೂಪಾಯಿ ತಗಲಿತು, ಒಂದು ಊಟಕ್ಕೆ 20 ರೂಪಾಯಿ ಲಾಭವೆಂದುಕೊಂಡರೆ, ಆ ಹಣ ಮರಳಲು 40 ಹೊಸ ಊಟಗಳು ಬೇಕು. ಕರಪತ್ರವನ್ನು ತೋರಿಸಿದವರಿಗೆ ಒಂದು ಲೋಟ ಮಜ್ಜಿಗೆ ಎಂದು ಬರೆದರೆ ಬಂದವರೆಷ್ಟೆಂದು ಗೊತ್ತಾಗುತ್ತದೆ. ಮಜ್ಜಿಗೆಯ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿರಿ. ಬಡಾವಣೆಯ ಭಾಷೆಯಲ್ಲಿಯೇ ಅಚ್ಚು ಮಾಡಿಸುವುದು ಮೇಲು. ಮಹಾರಾಷ್ಟ್ರದಲ್ಲಂತೂ 2022ರ ತಿದ್ದುಪಡಿಯ ಬಳಿಕ ಚಿಕ್ಕ ಅಂಗಡಿಗಳಿಗೂ ದೇವನಾಗರಿಯಲ್ಲಿ ಮರಾಠಿ ನಾಮಫಲಕ ಕಡ್ಡಾಯವಾಗಿದೆ. ಆ ಖರ್ಚನ್ನು ಪ್ರಚಾರವೆಂದೇ ಬಗೆಯಬಹುದು.

ರಿಯಾಯಿತಿಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. 100 ರೂಪಾಯಿಯ ಪದಾರ್ಥದಲ್ಲಿ 20 ರೂಪಾಯಿ ಲಾಭವಿದ್ದಾಗ ಶೇಕಡಾ 10 ರಿಯಾಯಿತಿ ಕೊಟ್ಟರೆ ಲಾಭ ಅರ್ಧಕ್ಕಿಳಿಯುತ್ತದೆ. ಮೊದಲಿನಷ್ಟೇ ಗಳಿಸಲು ವ್ಯಾಪಾರ ಇಮ್ಮಡಿಯಾಗಬೇಕು. ಮುಗ್ಗಟ್ಟಿನ ದಿನಗಳಲ್ಲಿ ಇದು ಸಾಧ್ಯವೇ? ಅದಕ್ಕೆ ಬದಲಾಗಿ ಅರ್ಧ ಪ್ರಮಾಣದ ಊಟವನ್ನೋ ಚಿಕ್ಕ ಪೊಟ್ಟಣವನ್ನೋ ಕಡಿಮೆ ಬೆಲೆಗೆ ಇಟ್ಟರೆ ಕೈ ಬಿಗಿಯಾದ ಗಿರಾಕಿಗೂ ಅನುಕೂಲ, ವ್ಯಾಪಾರಿಗೂ ನಷ್ಟವಿಲ್ಲ.

ಕೊನೆಯದಾಗಿ ಆರೋಗ್ಯಕ್ಕೆ ಸಂಬಂಧಿಸಿದ ಒಂದು ಮಾತು. ರಾಗಿಹಿಟ್ಟನ್ನು ರಾಗಿಹಿಟ್ಟೆಂದೇ ಮಾರಿರಿ. ಮಧುಮೇಹವನ್ನು ಗುಣಪಡಿಸುವುದೆಂದು ಬರೆಯಬೇಡಿರಿ. ಅದನ್ನು ನಂಬಿ ಯಾರಾದರೂ ಮಾತ್ರೆಯನ್ನು ಬಿಟ್ಟರೆ ಆಗುವ ಹಾನಿ ವ್ಯಾಪಾರದ ಲೆಕ್ಕಕ್ಕೆ ಮೀರಿದ್ದು. 2006ರ ಆಹಾರ ಸುರಕ್ಷತಾ ಕಾಯಿದೆಯು ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ದಂಡದ ಭಯಕ್ಕಿಂತ ಹೆಚ್ಚಾಗಿ, ಒಂದು ಸುಳ್ಳಿನಿಂದ ಕಳೆದುಹೋದ ನಂಬಿಕೆಯನ್ನು ಎಷ್ಟು ಕರಪತ್ರ ಹಂಚಿದರೂ ಮರಳಿ ಪಡೆಯಲಾಗದು.

ಮೇಲಿನ ಕಾರ್ಯಗಳಿಗೆ ದಿನಕ್ಕೆ ಅರ್ಧ ಗಂಟೆ ಸಾಕು. ಅಂಗಡಿ ಮುಚ್ಚುವ ಮೊದಲು ಮನೆಯ ಓದಿದ ಮಕ್ಕಳನ್ನೂ ಜೊತೆಗೆ ಕೂರಿಸಿಕೊಂಡು, ಬಂದವರೆಷ್ಟು, ಬಾರದವರು ಯಾರು ಎಂಬುದನ್ನು ಬರೆದಿಡುವ ಅಭ್ಯಾಸವನ್ನು ಇಂದಿನಿಂದಲೇ ಆರಂಭಿಸಿರಿ.