ಗಣಿಗಾಗಿ ಹಾಕಿದ ಹತ್ತು ಮೈಲಿ ಹಳಿ

ಬಂಗಾರಪೇಟೆಯ ಹೆಸರು ಬಂಗಾರದಿಂದ ಬಂದದ್ದೆಂದು ನಂಬಿದವರು ಬಹಳ. ಮೂಲದಲ್ಲಿ ಅದು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಂ ಬೌರಿಂಗ್ ಅವರ ಹೆಸರು ಹೊತ್ತ ಊರು. 1864ರಲ್ಲಿ ಬೆಂಗಳೂರು–ಜೋಲಾರಪೇಟೆ ರೈಲುಮಾರ್ಗ ತೆರೆದ ಮೇಲೆ ನಿಲ್ದಾಣದ ಸುತ್ತ ಬೆಳೆದ ಪೇಟೆ ಇದು. ಆಧುನಿಕ ಗಣಿಗಾರಿಕೆ ಆಗಿನ್ನೂ ಶುರುವಾಗಿರಲಿಲ್ಲ.

ಜಾನ್ ಟೇಲರ್ ಕಂಪೆನಿ 1880ರ ದಶಕದಲ್ಲಿ ಕಾಲಿಟ್ಟ ಬಳಿಕ ಗಣಿಗಳಿಗೆ ಜೀವ ಬಂತು. ಚಿನ್ನ ಸಾಗಿಸಲೆಂದೇ ಅಲ್ಲಿಗೆ ರೈಲು ಹಾಕಿದರೆಂದು ತಿಳಿಯುವುದು ಸಹಜ. ಆದರೆ ಅದಿರನ್ನು ಗಣಿಯ ಬಳಿಯೇ ಕುಟ್ಟಿ ಚಿನ್ನ ತೆಗೆಯುತ್ತಿದ್ದರು. ಟನ್‌ಗಟ್ಟಲೆ ಕಲ್ಲು ಪುಡಿಯಾದರೆ ಉಳಿಯುತ್ತಿದ್ದುದು ಹಿಡಿಯಷ್ಟು ಲೋಹ. ಭಾರವೆಲ್ಲ ಒಳಗೆ ಹೋಗುವ ಸರಕಿನದು: ಬಾಯ್ಲರು, ಯಂತ್ರದ ಬಿಡಿಭಾಗ, ಸುರಂಗಕ್ಕೆ ಆಸರೆ ಕೊಡುವ ಮರದ ದಿಮ್ಮಿ, ಉರಿಸಲು ಕಲ್ಲಿದ್ದಲು. ನಿಲ್ದಾಣದಿಂದ ಇವನ್ನು ಎಳೆದು ಎತ್ತಿನ ಗಾಡಿಗಳು ಸೋತವು. 1894ರಲ್ಲಿ ಮೈಸೂರು ಸರ್ಕಾರ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಸುಮಾರು ಹತ್ತು ಮೈಲಿ ಕವಲು ಮಾರ್ಗವನ್ನು ತೆರೆಯಿತು. ಓಡಿಸುವ ಹೊಣೆ ಮದರಾಸು ರೈಲ್ವೆಯದು. ಬೆಂಗಳೂರು–ಮೈಸೂರು ನಡುವೆ ಮೀಟರ್ ಗೇಜ್ ಹಾಕಿದ್ದ ಸಂಸ್ಥಾನ ಇಲ್ಲಿ ಬ್ರಾಡ್ ಗೇಜ್ ಹಾಕಿತು. ಹಾಗಾಗಿ ಮದರಾಸು ಬಂದರಿನಲ್ಲಿ ವ್ಯಾಗನ್ನಿಗೇರಿದ ಯಂತ್ರವನ್ನು ನಡುವೆ ಎಲ್ಲಿಯೂ ಇಳಿಸಬೇಕಾಗಿರಲಿಲ್ಲ.

ಗಣಿಗೆ ಸಿಕ್ಕ ಈ ಆದ್ಯತೆ ಜಿಲ್ಲಾ ಕೇಂದ್ರಕ್ಕೆ ಸಿಗಲಿಲ್ಲ. ಕೋಲಾರಕ್ಕೆ ರೈಲು ಬಂದದ್ದು 1913ರಲ್ಲಿ, ಅದೂ ಎರಡೂವರೆ ಅಡಿಯ ಪುಟ್ಟ ಹಳಿಯ ಮೇಲೆ. ಬಂಗಾರಪೇಟೆಯಲ್ಲಿ ಸರಕನ್ನು ಒಂದು ಗಾಡಿಯಿಂದ ಇನ್ನೊಂದಕ್ಕೆ ಹೊತ್ತು ಹಾಕುವುದು ಅಲ್ಲಿಂದ ಮುಂದೆ ದಿನದ ಪಾಡಾಯಿತು.

1902ರಲ್ಲಿ ಶಿವನಸಮುದ್ರದ ವಿದ್ಯುತ್ ಗಣಿಗಳಿಗೆ ತಲುಪಿ ಕಲ್ಲಿದ್ದಲಿನ ಹೊರೆ ತಗ್ಗಿತು. ಆದರೆ ಜನ ಹೆಚ್ಚಿದ್ದರು. 1891ರಲ್ಲಿ ಏಳು ಸಾವಿರದಷ್ಟಿದ್ದ ಚಿನ್ನದ ಗಣಿ ಪ್ರದೇಶದ ಜನಸಂಖ್ಯೆ 1901ರ ವೇಳೆಗೆ ಮೂವತ್ತೆಂಟು ಸಾವಿರ ದಾಟಿತ್ತು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯ ಕೂಲಿಗಳು ಬಂದು ನೆಲೆಸಿದರು. ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳ ಹೆಸರುಗಳೇ ಗಣಿಗಳ ಪಟ್ಟಿಯಂತಿವೆ.

2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಲೆಕ್ಕದ ಪ್ರಕಾರ ಆ ಹಳಿಗೂ ಅಂದೇ ಕೆಲಸ ಮುಗಿಯಬೇಕಿತ್ತು; ಗಣಿ ಮುಚ್ಚಿದ ಮೇಲೆ ಹಳಿ ಕಿತ್ತ ಊರುಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ. ಇಲ್ಲಿ ಹಾಗಾಗದಿರಲು ಕಾರಣ, ಕೆಲಸ ಹೋದರೂ ಜನ ಊರು ಬಿಡಲಿಲ್ಲ. ಗಣಿ ಕಾರ್ಮಿಕರ ಮಕ್ಕಳು ಕಂಪೆನಿಯ ಹಳೆಯ ಲೈನು ಮನೆಗಳಲ್ಲೇ ಉಳಿದು ಬೆಂಗಳೂರಿನಲ್ಲಿ ದುಡಿಮೆ ಹುಡುಕಿದರು. ಅಲ್ಲಿನ ಬಾಡಿಗೆಗಿಂತ ರೈಲಿನ ತಿಂಗಳ ಪಾಸು ಎಷ್ಟೋ ಅಗ್ಗ. ಯಂತ್ರಗಳನ್ನು ಒಳಗೆ ತರಲು ಹಾಕಿದ ಹಳಿಯ ಮೇಲೆ ನಸುಕಿನಲ್ಲೇ ಮಾರಿಕುಪ್ಪಂ ಬಿಡುವ ಗಾಡಿ ಈಗ ಸಾವಿರಾರು ಮಂದಿಯನ್ನು ಹೊರಗೆ ಕೆಲಸಕ್ಕೆ ಒಯ್ಯುತ್ತದೆ, ರಾತ್ರಿ ಮರಳಿ ತಂದುಬಿಡುತ್ತದೆ.