ಹಳೆಯ ಸೇನಾ ಲಾರಿಗೆ ಹೊಸ ಬ್ರೇಕ್

ಮಕ್ಕಳೇ, ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಹೋಗಿದ್ದೀರಾ? ದೂರ ಸುಮಾರು 14 ಕಿ.ಮೀ. ಅಷ್ಟರಲ್ಲೇ ಚಾಲಕರು ಎಷ್ಟು ಸಲ ಬ್ರೇಕ್ ಒತ್ತುತ್ತಾರೆ, ಎಣಿಸಿ ನೋಡಿ. ವಾಹನ ಓಡುವುದು ಎಷ್ಟು ಮುಖ್ಯವೋ, ಬೇಕೆಂದಾಗ ನಿಲ್ಲುವುದು ಅದಕ್ಕಿಂತ ಮುಖ್ಯ.

ನಮ್ಮ ಸೇನೆಯಲ್ಲಿ 'ಶಕ್ತಿಮಾನ್' ಎಂಬ ಲಾರಿಗಳಿದ್ದವು. ಜರ್ಮನಿಯ ಮಾನ್ ಕಂಪನಿಯ ಸಹಯೋಗದಿಂದ ಇವು ಜಬಲ್ಪುರದಲ್ಲಿ 1990ರ ದಶಕದವರೆಗೂ ತಯಾರಾದವು. ಸೇನೆ ಬಳಸಿ ಬಿಟ್ಟ ವಾಹನಗಳನ್ನು ಹರಾಜು ಹಾಕುವುದುಂಟು. ಅಂಥ ಒಂದು ಲಾರಿ ದಾವಣಗೆರೆಯ ಗ್ಯಾರೇಜಿಗೆ ಬಂದಿದೆ ಎಂದು ಊಹಿಸಿಕೊಳ್ಳೋಣ. ಅದರ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಬ್ರೇಕ್ ಹಾಕಬೇಕಂತೆ. ಏಕೆ? ಹೇಗೆ?

ವೇಗ ಎಲ್ಲಿ ಹೋಗುತ್ತದೆ?

ನಿಮ್ಮ ಅಂಗೈಗಳನ್ನು ಗಟ್ಟಿಯಾಗಿ ಉಜ್ಜಿ. ಬಿಸಿಯಾದವಲ್ಲವೇ? ಬ್ರೇಕ್ ಮಾಡುವ ಕೆಲಸವೂ ಇದೇ. ಅದು ಘರ್ಷಣೆಯಿಂದ ಲಾರಿಯ ಚಲನಶಕ್ತಿಯನ್ನು ಉಷ್ಣವಾಗಿ ಬದಲಾಯಿಸುತ್ತದೆ.

5 ಟನ್ ತೂಕದ ಲಾರಿ ಗಂಟೆಗೆ 72 ಕಿ.ಮೀ. ವೇಗದಲ್ಲಿದೆ ಎನ್ನಿ. ಅದನ್ನು ಪೂರ್ತಿ ನಿಲ್ಲಿಸಿದಾಗ ಹುಟ್ಟುವ ಉಷ್ಣ ಸುಮಾರು 3 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು! ವೇಗ ಅರ್ಧವಾದರೆ ಉಷ್ಣ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ವೇಗ ಇಮ್ಮಡಿಯಾದರೆ ಉಷ್ಣ ನಾಲ್ಕು ಪಟ್ಟಾಗುತ್ತದೆ. ವೇಗಮಿತಿಯ ಫಲಕಗಳನ್ನು ಏಕೆ ಹಾಕುತ್ತಾರೆ ಎಂಬುದು ಈಗ ತಿಳಿಯಿತೇ?

ಡ್ರಮ್ಮಿನ ಒಳಗೆ

ಡ್ರಮ್ ಬ್ರೇಕಿನಲ್ಲಿ ಚಕ್ರದ ಜೊತೆಗೆ ತಿರುಗುವ ಒಂದು ಕಬ್ಬಿಣದ ಬೋಗುಣಿ ಇರುತ್ತದೆ. ಅದೇ ಡ್ರಮ್. ಒಳಗೆ ಅರ್ಧಚಂದ್ರದಂತಹ ಎರಡು 'ಶೂ'ಗಳಿರುತ್ತವೆ. ಬ್ರೇಕ್ ಒತ್ತಿದಾಗ ಅವು ಅಗಲವಾಗಿ ಡ್ರಮ್ಮಿನ ಒಳಗೋಡೆಯನ್ನು ಉಜ್ಜುತ್ತವೆ.

ಇದು ಮುಚ್ಚಿದ ಪಾತ್ರೆಯಂತೆ. ಬಿಸಿ ಬೇಗ ಹೊರಹೋಗದು. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲು ಘಟ್ಟದಂತಹ ಕಡೆ ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಶೂಗಳ ಹಿಡಿತವೂ ಸಡಿಲವಾಗುತ್ತದೆ. ಪೆಡಲ್ ಒತ್ತಿದರೂ ಲಾರಿ ನಿಲ್ಲದು! ಅದಕ್ಕೇ ಘಟ್ಟ ಇಳಿಯುವಾಗ ಚಾಲಕರು ಕೆಳ ಗೇರು ಹಾಕಿ ಎಂಜಿನ್ನಿನಿಂದಲೂ ವೇಗ ತಗ್ಗಿಸುತ್ತಾರೆ. ಸೇನಾ ಲಾರಿ ಹಳ್ಳ ಹೊಳೆ ದಾಟುವುದುಂಟು. ಡ್ರಮ್ಮಿಗೆ ನೀರು ಹೊಕ್ಕರೂ ಹಿಡಿತ ತಪ್ಪುತ್ತದೆ.

ತೆರೆದ ತಟ್ಟೆ

ಡಿಸ್ಕ್ ಬ್ರೇಕ್ ತೆರೆದ ತಟ್ಟೆಯಂತೆ. ತಿರುಗುವ ತಟ್ಟೆಯನ್ನು ಎರಡೂ ಬದಿಯಿಂದ 'ಪ್ಯಾಡ್'ಗಳು ಅದುಮುತ್ತವೆ. ಸೈಕಲ್ಲಿನ ರಿಮ್ಮನ್ನು ರಬ್ಬರ್ ತುಂಡುಗಳು ಹಿಡಿಯುವಂತೆಯೇ ಇದು. ಗಾಳಿ ತಾಕಿ ತಟ್ಟೆ ಬೇಗ ತಣಿಯುತ್ತದೆ, ನೀರೂ ಸಿಡಿದುಹೋಗುತ್ತದೆ. ಇಂಗ್ಲೆಂಡಿನ ಫ್ರೆಡ್ರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಕಾರುಗಳಲ್ಲಿ ಇದರ ಬಳಕೆ ಹೆಚ್ಚಿದ್ದು 1950ರ ದಶಕದಿಂದ ಈಚೆಗೆ.

ಒಂದನ್ನು ಬದಲಿಸಿದರೆ ಸಾಲದು

ಡ್ರಮ್ ತೆಗೆದು ತಟ್ಟೆ ಕೂರಿಸಿದರೆ ಕೆಲಸ ಮುಗಿಯಿತೇ? ಇಲ್ಲ!

ಮೊದಲು, ತಟ್ಟೆ ಸ್ವಲ್ಪವೂ ಓರೆಯಾಗದಂತೆ ನಯವಾಗಿರಬೇಕು. ಅದಕ್ಕೆ ಲೇತ್ ಯಂತ್ರ ಬೇಕು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಂತಹ ಲೇತ್‌ಗಳನ್ನೇ ತಯಾರಿಸಿ ಹೆಸರಾಗಿತ್ತು. ಕಾರ್ಖಾನೆ ಮುಚ್ಚಿಹೋಗಿದ್ದರೂ ಆ ಹೆಸರು ಊರಿನ ನೆನಪಿನಲ್ಲಿ ಉಳಿದಿದೆ.

ಎರಡನೆಯದು ಒತ್ತುವ ಬಲ. ತಿರುಗುವ ಡ್ರಮ್ ಶೂವನ್ನು ತಾನೇ ಎಳೆದು ಬಿಗಿ ಮಾಡಿಕೊಳ್ಳುತ್ತದೆ. ತಟ್ಟೆಗೆ ಈ ಗುಣವಿಲ್ಲ. ಹಾಗಾಗಿ ಪ್ಯಾಡ್‌ಗಳನ್ನು ಹೆಚ್ಚು ಬಲದಿಂದ ಅದುಮಬೇಕು. ಕಾಲಿನ ಬಲವನ್ನು ಹೆಚ್ಚಿಸುವ 'ಬೂಸ್ಟರ್' ಮತ್ತು ಸರಿಯಾದ ಅಳತೆಯ ಸಿಲಿಂಡರ್ ಬೇಕು.

ಮೂರನೆಯದು ಸಮತೋಲ. ಬ್ರೇಕ್ ಹಾಕಿದಾಗ ಲಾರಿಯ ಭಾರ ಮುಂದಕ್ಕೆ ವಾಲಿ ಹಿಂಭಾಗ ಹಗುರಾಗುತ್ತದೆ. ಆಗ ಹಿಂದಿನ ಚಕ್ರಗಳು ಮೊದಲೇ ಬಿಗಿದು ನಿಂತರೆ ಲಾರಿ ಪಕ್ಕಕ್ಕೆ ತಿರುಗಿಬಿಡಬಹುದು. ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ಲೆಕ್ಕ ಹಾಕಿ ಬಲ ಹಂಚಬೇಕು. ನಿಲ್ಲಿಸಿದ ಲಾರಿ ಜಾರದಂತೆ ಕೈಬ್ರೇಕನ್ನೂ ಮರೆಯುವಂತಿಲ್ಲ.

ಈ ಲೆಕ್ಕ ತಪ್ಪಿದರೆ 'ಉತ್ತಮ' ಬ್ರೇಕೇ ಅಪಾಯ ತರುತ್ತದೆ. ಆದ್ದರಿಂದಲೇ ವಾಹನವನ್ನು ಮನಬಂದಂತೆ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ. ಅನುಭವಿ ಎಂಜಿನಿಯರುಗಳ ಸಲಹೆ, ಸಾರಿಗೆ ಕಚೇರಿಯ ಒಪ್ಪಿಗೆ ಎರಡೂ ಬೇಕು. ಇಂದಿಗೂ ಬಹಳಷ್ಟು ಲಾರಿಗಳು ಡ್ರಮ್ ಬ್ರೇಕಿನಲ್ಲೇ ಓಡುತ್ತಿವೆ. ಚೆನ್ನಾಗಿ ನೋಡಿಕೊಂಡರೆ ಅವೂ ನಂಬಿಕಸ್ತ ಬ್ರೇಕುಗಳೇ.

ಮಾಡಿ ನೋಡಿ

ಸೂಜಿ ಇಲ್ಲದ ಹೊಸ ಸಿರಿಂಜ್ ಎರಡು ತನ್ನಿ, ಒಂದು ಸಣ್ಣದು, ಒಂದು ದೊಡ್ಡದು. ಎರಡಕ್ಕೂ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ, ಸಣ್ಣ ಕೊಳವೆಯಿಂದ ಜೋಡಿಸಿ. ನೀವು ಸಣ್ಣದನ್ನು ಒತ್ತಿ, ಗೆಳೆಯ ದೊಡ್ಡದನ್ನು ತಡೆಯಲಿ. ಯಾರು ಗೆಲ್ಲುತ್ತಾರೆ? ದ್ರವದಲ್ಲಿ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪ್ಯಾಸ್ಕಲನ ನಿಯಮವೇ ಇದರ ಗುಟ್ಟು. ಹಲವು ವಾಹನಗಳಲ್ಲಿ ಬ್ರೇಕ್ ಪೆಡಲಿನ ಬಲ ಚಕ್ರಕ್ಕೆ ತಲುಪುವುದೂ ಹೀಗೆಯೇ.

ಯೋಚಿಸಿ: ಕೊಳವೆಯಲ್ಲಿ ಗಾಳಿಗುಳ್ಳೆ ಸೇರಿದರೆ ಬ್ರೇಕ್ ಏನಾಗಬಹುದು? ಸಿರಿಂಜಿನಲ್ಲೇ ಪರೀಕ್ಷಿಸಿ, ನಿಮ್ಮ ಶಿಕ್ಷಕರಿಗೆ ತಿಳಿಸಿ.